ಸೆಲ್ವಿಯ ದಾಖಲೆಯ ವರ್ಷ

ನಾನು ನಿವೃತ್ತಳಾದ ದಿನ ಶಾಲು ಹೊದಿಸಿ, ಹಾರ ಹಾಕಿ, ಒಬ್ಬರು ಭಾಷಣ ಮಾಡಿದರು. "ಮೇಡಂ ಅವರು ಕ್ರೀಡಾಪಟುಗಳನ್ನು ಹೆತ್ತ ತಾಯಿಯಂತೆ ಬೆಳೆಸಿದರು" ಎಂದರು. ನನಗೆ ಮೈಯೆಲ್ಲ ಉರಿಯಿತು. ಆ ಮಕ್ಕಳಿಗೆಲ್ಲ ಮನೆಯಲ್ಲಿ ತಾಯಂದಿರು ಇದ್ದರು. ನನ್ನ ಕೆಲಸ ಓಟ ಕಲಿಸುವುದಾಗಿತ್ತು. ಅದನ್ನು ಮಾಡಲು ಬಿಟ್ಟಿದ್ದರೆ ಸಾಕಿತ್ತು, ತಾಯಿಯ ಪಟ್ಟ ಯಾರಿಗೆ ಬೇಕಿತ್ತು?

ಈಗ ಹೊಸದಾಗಿ ಅಥ್ಲೆಟಿಕ್ಸ್ ಕೋಚ್ ಆಗಿ ಸೇರುವ ಹುಡುಗ ಹುಡುಗಿಯರು ವಿದ್ಯಾನಗರದ ನಮ್ಮ ಮನೆಗೆ ಬರುತ್ತಾರೆ. ಕಾಫಿ ಕುಡಿದು, "ಮಿಸ್, ನಿಮ್ಮ ಅನುಭವ ಹೇಳಿ" ಎನ್ನುತ್ತಾರೆ. ಯಾವ ವರ್ಷ ಯಾವ ಬಡ್ತಿ ಬಂತು ಎಂಬ ಕತೆ ನನಗೇ ಬೇಸರ. ಕೆಲಸ ನಿಜವಾಗಿ ಹೇಗಿತ್ತು ಎಂಬುದನ್ನಷ್ಟೇ ಬರೆಯುತ್ತೇನೆ. ಸಿಟ್ಟಿನಿಂದಲೇ ಬರೆಯುತ್ತೇನೆ. ವಯಸ್ಸಾದ ಮೇಲೆ ಸಿಟ್ಟು ತಣಿಯುತ್ತದೆ ಎನ್ನುತ್ತಾರಲ್ಲ, ಅದು ಸುಳ್ಳು.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಶಿವಮೊಗ್ಗದ ಹುಡುಗಿಯರ ಕ್ರೀಡಾ ಹಾಸ್ಟೆಲಿಗೆ ಬಂದೆ. ಮಧ್ಯಮ ಮತ್ತು ದೂರದ ಓಟ ನನ್ನ ಪಾಲಿಗೆ. ನಮಗಿದ್ದದ್ದು ಒಂದು ಮಣ್ಣಿನ ಮೈದಾನ. ನಮಗಿದ್ದದ್ದು ಎಂದೆ, ನಮ್ಮದಾಗಿರಲಿಲ್ಲ. ಚುನಾವಣೆ ಬಂದರೆ ಸಭೆ, ಬೇಸಿಗೆ ಬಂದರೆ ವಸ್ತುಪ್ರದರ್ಶನ, ನಡುವೆ ಯಾರದ್ದಾದರೂ ಸಾಮೂಹಿಕ ವಿವಾಹ. ಪ್ರತಿ ಸಲವೂ ಪೆಂಡಾಲಿನ ಕಂಬಗಳಿಗೆ ಗುಂಡಿ ತೋಡುತ್ತಿದ್ದರು, ಅದೂ ಟ್ರ್ಯಾಕಿನ ಮೇಲೆಯೇ, ಅಲ್ಲಿ ನೆಲ ಗಟ್ಟಿ ಎಂದು. ಕಂಬ ಕಿತ್ತ ಮೇಲೆ ಗುಂಡಿಗೆ ಒಂದಿಷ್ಟು ಸಡಿಲ ಮಣ್ಣು ಎಳೆದು ಹೋಗುತ್ತಿದ್ದರು. ಬೆಳಗಿನ ಮಬ್ಬಿನಲ್ಲಿ ಓಡುವ ಹುಡುಗಿಗೆ ಅದು ಕಾಣುತ್ತದೆಯೇ? ಒಂದು ಹುಡುಗಿ ಪಾದ ಹೊರಳಿಸಿಕೊಂಡು ಬಿದ್ದಾಗ ನಾನು ಪೆಂಡಾಲಿನವನನ್ನು ಹುಡುಕಿಕೊಂಡು ಹೋದೆ.

"ಅರೆ ಮೇಡಂ, ಗುಂಡಿ ತೋಡೋದು ನಮ್ ಕಾಂಟ್ರಾಕ್ಟು. ಮುಚ್ಚೋದು ಇಲ್ಲ. ನಿಮ್ ಸಾಹೇಬ್ರನ್ನ ಕೇಳಿ" ಎಂದ ಅವನು.

ನಮ್ಮ ಸಾಹೇಬರು ಎಂದರೆ ನಾಗಭೂಷಣ ಎಂಬವರು. ಜಿಲ್ಲೆಯ ಕ್ರೀಡೆಗೆಲ್ಲ ಅವರೇ ಮೇಲಧಿಕಾರಿ. ಇಸ್ತ್ರಿ ಮಾಡಿದ ಸಫಾರಿ ಸೂಟು, ಎದೆಯಲ್ಲಿ ಎರಡು ಪೆನ್ನು. ಮಾತು ಮಾತ್ರ ತುಂಬಾ ನಯ. ಅವರು ನಕ್ಕು, "ಮೇಡಂ, ಹುಡುಗೀರಿಗೆ ನೆಲ ನೋಡ್ಕೊಂಡು ಓಡಕ್ಕೆ ಹೇಳ್ರಿ" ಎಂದರು.

ಓಡುವವರು ನೆಲ ನೋಡಬಾರದು ಎಂದು ಕಲಿಸುವುದೇ ನನ್ನ ಮೊದಲ ಪಾಠವಾಗಿತ್ತು. ಕೊನೆಗೆ ನಾನೂ ಹುಡುಗಿಯರೂ ಬುಟ್ಟಿ, ಗುದ್ದಲಿ ಹಿಡಿದು ಗುಂಡಿ ಮುಚ್ಚಿದೆವು. ಮುಂದೆಯೂ ಅಷ್ಟೇ. ಸಭೆ ಮುಗಿದ ಮಾರನೆಯ ಬೆಳಿಗ್ಗೆ ತರಬೇತಿ ಇಲ್ಲ, ಮಣ್ಣು ಹೊರುವುದು.

ಆಗಿನ ಪದ್ಧತಿಗಳೂ ಹಾಗೇ ಇದ್ದವು. ಓಡುವಾಗ ನೀರು ಕೊಡಬಾರದು, ಕೊಟ್ಟರೆ ಹೊಟ್ಟೆ ಹಿಡಿಯುತ್ತದೆ ಎಂಬ ನಂಬಿಕೆ. ವಾಂತಿ ಬರುವವರೆಗೆ ಓಡಿಸಿದವನೇ ಒಳ್ಳೆಯ ಕೋಚ್. ಹುಡುಗಿಯರಿಗೆ ಉದ್ದ ಓಟ ಬೇಡ, ಗರ್ಭಕೋಶ ಜಾರುತ್ತದೆ ಎಂದು ಮೀಸೆ ಹೊತ್ತ ದೈಹಿಕ ಶಿಕ್ಷಕರೊಬ್ಬರು ನನಗೇ ಬುದ್ಧಿ ಹೇಳಿದ್ದರು. ನಾನು ಇದನ್ನೆಲ್ಲ ಒಂದೊಂದಾಗಿ ಕೈಬಿಟ್ಟೆ. ಭಾನುವಾರ ಕುಂಸಿ ರಸ್ತೆಯಲ್ಲಿ ನಿಧಾನವಾದ ಉದ್ದ ಓಟ ಇಟ್ಟೆ. ಹುಡುಗಿಯರು ಮುಂದೆ, ನಾನು ಹಿಂದೆ ಲೂನಾದ ಮೇಲೆ. ಲೂನಾದ ಬುಟ್ಟಿಯಲ್ಲಿ ನೀರಿನ ಬಾಟಲಿಗಳು, ಜೊತೆಗೊಂದು ಹುಣಸೆ ಕೋಲು. ಕೋಲು ಹುಡುಗಿಯರಿಗಲ್ಲ, ಬೈಕಿನಲ್ಲಿ ಪಕ್ಕಕ್ಕೆ ಬಂದು ಹಲ್ಲು ಕಿರಿಯುವವರಿಗೆ. ಎರಡು ಮೂರು ಬೆನ್ನುಗಳ ಮೇಲೆ ಅದರ ಗೆರೆ ಬಿದ್ದಿದೆ. ಅದಕ್ಕೆ ನನಗೆ ಈಗಲೂ ಪಶ್ಚಾತ್ತಾಪವಿಲ್ಲ.

ಸೆಲ್ವಿಯನ್ನು ನಾನು ಮೊದಲು ನೋಡಿದ್ದು ಭದ್ರಾವತಿಯ ಒಂದು ಶಾಲಾ ಕ್ರೀಡಾಕೂಟದಲ್ಲಿ. ಅದೂ ಒಂದು ಎಡವಟ್ಟಿನಿಂದ.

ಸಾವಿರದ ಐನೂರು ಮೀಟರ್ ಓಟ ನಡೆಯುತ್ತಿತ್ತು. ಸುತ್ತು ಎಣಿಸಲು ಕೂತಿದ್ದ ಮಾಸ್ತರರು, ಮುಖ್ಯ ಅತಿಥಿಗಳ ಜೀಪು ಬಂದಿತೆಂದು ಎದ್ದು ಹಾರ ಹಿಡಿದು ಓಡಿದರು. ಕೊನೆಯ ಸುತ್ತಿನ ಗಂಟೆ ಬಾರಿಸುವವರೇ ಇಲ್ಲ. ಹುಡುಗಿಯರು ಗೆರೆ ದಾಟಿದರು, ಯಾರೂ ನಿಲ್ಲಿಸಲಿಲ್ಲ, ಇನ್ನೊಂದು ಸುತ್ತು ಹೊರಟರು. ನಾನು ಗ್ಯಾಲರಿಯಿಂದ ಕೂಗಿಕೊಂಡರೆ ಧ್ವನಿವರ್ಧಕದಲ್ಲಿ ಸ್ವಾಗತ ಭಾಷಣ. ಒಬ್ಬೊಬ್ಬರಾಗಿ ಹುಡುಗಿಯರು ಕುಸಿದು ಕೂತರು. ಬರಿಗಾಲಿನ, ಬಣ್ಣ ಮಾಸಿದ ಯೂನಿಫಾರಂ ಸ್ಕರ್ಟಿನ ಒಬ್ಬಳು ಮಾತ್ರ ಆ ಹೆಚ್ಚಿನ ಸುತ್ತಿನಲ್ಲಿ ಇನ್ನೂ ಜೋರಾಗಿ ಓಡಿ ಬಂದಳು. ಬಂದು ನಿಂತು, ಇನ್ನೂ ಇದೆಯಾ ಎನ್ನುವಂತೆ ಸುತ್ತ ನೋಡಿದಳು.

ನಾನು ಇಳಿದು ಹೋಗಿ ಮಾಸ್ತರರನ್ನು ಹಿಡಿದುಕೊಂಡೆ. "ಹೋಗ್ಲಿ ಬಿಡಿ ಮೇಡಂ, ಮಕ್ಳು. ಒಂದ್ ರೌಂಡ್ ಜಾಸ್ತಿ ಓಡಿದ್ರೆ ಏನ್ ಸವೀತಾರಾ?" ಎಂದರು. ಆಮೇಲೆ ಲೆಕ್ಕ ತಪ್ಪಿದೆ ಎಂದು ಓಟವನ್ನೇ ರದ್ದು ಮಾಡಿದರು. ಆ ಹುಡುಗಿಗೆ ಪ್ರಮಾಣಪತ್ರವೂ ಇಲ್ಲ, ಸ್ಟೀಲ್ ಲೋಟವೂ ಇಲ್ಲ.

ಹೆಸರು ಸೆಲ್ವಿ ಎಂದಳು. ಮನೆ ಭದ್ರಾವತಿಯ ಓಲ್ಡ್ ಟೌನ್, ಮನೆಮಾತು ತಮಿಳು. ಅಪ್ಪ ಕಾರ್ಖಾನೆಯಲ್ಲಿ ಗುತ್ತಿಗೆ ಕೂಲಿ, ಕೆಲಸ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ತಾಯಿ ಅಂಜಲೈ ಮನೆ ಮುಂದೆ ಬೆಳಿಗ್ಗೆ ಇಡ್ಲಿ ಬೇಯಿಸಿ ಮಾರುತ್ತಿದ್ದಳು. ನಾನು ಹೋದಾಗ ಅವಳು ಒಲೆಯ ಮುಂದಿನಿಂದ ಏಳದೆಯೇ ಎಲ್ಲ ಕೇಳಿಸಿಕೊಂಡಳು.

"ಮಿಸ್, ಓಡ್ತಾಳೆ ಸರಿ. ಓಡಿ ಎಲ್ಲಿಗೆ ಹೋಗ್ತಾಳೆ?" ಎಂದಳು.

"ಹಾಸ್ಟೆಲಲ್ಲಿ ಊಟ, ಹಾಲು, ಮೊಟ್ಟೆ ಎಲ್ಲ ಕೊಡ್ತಾರೆ. ಓದೂ ಆಗುತ್ತೆ."

"ಅದಲ್ಲ ನಾನು ಕೇಳಿದ್ದು. ಪೊಣ್ಣು ಮಗು. ಏನಾದ್ರೂ ಆದ್ರೆ ಯಾರು?"

"ನಾನಿದ್ದೀನಿ" ಎಂದೆ. ಆ ಮಾತನ್ನು ನಾನು ಪೂರ್ತಿ ನಂಬಿಯೇ ಹೇಳಿದ್ದೆ. ಕೋಚ್ ಎಂದರೆ ಆ ಮಾತು ಹೇಳುವ ಅಧಿಕಾರ ಇರುವವಳು ಎಂದು ನಾನು ತಿಳಿದಿದ್ದೆ.

ಎರಡು ವರ್ಷ ಅವಳನ್ನು ನಾನು ಅವಸರ ಮಾಡದೆ ಬೆಳೆಸಿದೆ. ಮೊದಲು ಶೂ ಹಾಕಿ ನಡೆಯುವುದನ್ನು ಕಲಿಸಬೇಕಾಯಿತು. ಕಾಲಿಗೆ ಇಟ್ಟಿಗೆ ಕಟ್ಟಿದಂತಿದೆ ಎಂದು ಅಳುತ್ತಿದ್ದಳು. ಮೆಲ್ಲಗೆ ಪಳಗಿದಳು. ಮಾತು ಕಡಿಮೆ, ನಗು ಜಾಸ್ತಿ. ಬೇರೆ ಹುಡುಗಿಯರು ಕಷ್ಟದ ಅಭ್ಯಾಸ ಎಂದರೆ ಹೊಟ್ಟೆನೋವು ಹೇಳುತ್ತಿದ್ದರು. ಇವಳಿಗೆ ಸಾಕು ಎಂದು ಹೇಳುವುದೇ ನನ್ನ ಕೆಲಸವಾಗಿತ್ತು.

ಆ ಹೊತ್ತಿಗೆ ನಾಗಭೂಷಣರು ಯಾವುದೋ ತರಬೇತಿ ಶಿಬಿರಕ್ಕೆ ಹೋಗಿಬಂದರು. ಬರುವಾಗ ಅಮೆರಿಕದ ಓಟದ ಪತ್ರಿಕೆಗಳ ಜೆರಾಕ್ಸ್ ಕಟ್ಟು ತಂದಿದ್ದರು. ಅಲ್ಲಿನ ಹೈಸ್ಕೂಲು ಹುಡುಗ ಹುಡುಗಿಯರು ಒಂದೇ ಋತುವಿನಲ್ಲಿ ದಾಖಲೆಗಳ ಮೇಲೆ ದಾಖಲೆ ಮುರಿದ ಕತೆಗಳು ಅವು. ಮೈಲಿ ಓಟದಲ್ಲಿ ಒಬ್ಬ, ಎರಡು ಮೈಲಿಯಲ್ಲಿ ಇನ್ನೊಬ್ಬ. ಕಾಡು ಗುಡ್ಡದ ಓಟದಲ್ಲಿ ಗೆದ್ದು, ಟ್ರ್ಯಾಕಿನಲ್ಲೂ ಗೆದ್ದ ಹುಡುಗಿಯೊಬ್ಬಳು. ದೊಡ್ಡವರ ಜೊತೆ ನಿಂತು ದೊಡ್ಡವರನ್ನೇ ಬೆದರಿಸಿದ ಎಳೆಯರು. ನಾನು ಅವನ್ನು ಮನೆಗೆ ಒಯ್ದು ಡಿಕ್ಷನರಿ ಇಟ್ಟುಕೊಂಡು ಓದಿದೆ. ಮೈ ಜುಮ್ಮೆಂದಿತು. ಸುಳ್ಳು ಯಾಕೆ ಹೇಳಲಿ, ಆ ಮಕ್ಕಳನ್ನು ನಾನು ಮೆಚ್ಚಿಕೊಂಡೆ.

ಗುಡ್ಡದ ಓಟ, ಟ್ರ್ಯಾಕು ಎರಡರಲ್ಲೂ ಗೆದ್ದ ಆ ಹುಡುಗಿಯ ಫೋಟೋವನ್ನು ಹಾಸ್ಟೆಲ್ ಗೋಡೆಗೆ ಅಂಟಿಸಿದೆ. ದಪ್ಪ ಜಡೆ, ಮೂಗಿನ ಮೇಲೆಲ್ಲ ಚುಕ್ಕೆ. ಹೆಸರು ನಾಲಿಗೆಗೆ ತಿರುಗಲಿಲ್ಲವೆಂದು ನಮ್ಮ ಹುಡುಗಿಯರು ಅವಳನ್ನು ಜಡೆ ಅಕ್ಕ ಎಂದು ಕರೆದರು. ಸೆಲ್ವಿ ಹಲ್ಲುಜ್ಜುತ್ತಾ ಆ ಫೋಟೋ ಮುಂದೆ ನಿಂತಿರುತ್ತಿದ್ದಳು.

"ಮಿಸ್, ಜಡೆ ಅಕ್ಕ ಏನ್ ತಿಂತಾಳೆ?"

"ಬ್ರೆಡ್ಡು, ಹಣ್ಣು, ಮಾಂಸ."

"ಇಡ್ಲಿ ತಿನ್ನಲ್ವಾ? ಪಾಪ."

ಆ ಪತ್ರಿಕೆಗಳಲ್ಲಿ ಇನ್ನೂ ಏನೇನೋ ಬರೆದಿತ್ತು. ಆ ಮಕ್ಕಳು ಪುಟ್ಟ ವಯಸ್ಸಿನಿಂದ ಸ್ವಲ್ಪ ಸ್ವಲ್ಪವೇ ಏರಿಸಿಕೊಂಡು ಅಲ್ಲಿಗೆ ಮುಟ್ಟಿದ್ದರು. ವರ್ಷದಲ್ಲಿ ಕೆಲವೇ ದೊಡ್ಡ ಓಟ ಆರಿಸಿಕೊಳ್ಳುತ್ತಿದ್ದರು. ಋತು ಮುಗಿದ ಮೇಲೆ ಶೂ ಮುಟ್ಟದೆ ಮಲಗುತ್ತಿದ್ದರು. ನಮ್ಮ ಸಾಹೇಬರ ಕಣ್ಣಿಗೆ ಇದೊಂದೂ ಬೀಳಲಿಲ್ಲ. ಅವರಿಗೆ ಕಂಡದ್ದು ಎರಡು ಸಂಗತಿ: ವಾರಕ್ಕೆ ಎಷ್ಟು ಮೈಲಿ ಓಡಿದರು, ಎಷ್ಟು ದಾಖಲೆ ಮುರಿದರು.

ಮೀಟಿಂಗ್ ಕರೆದರು. "ಇನ್ಮೇಲೆ ಅಮೆರಿಕನ್ ಶೆಡ್ಯೂಲು" ಎಂದು ಘೋಷಿಸಿದರು. ದೊಡ್ಡ ಹಾಳೆಯಲ್ಲಿ ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಬರೆಸಿದ್ದರು. ಜಡೆ ಅಕ್ಕ ತನ್ನ ಅತಿ ಕಷ್ಟದ ವಾರದಲ್ಲಿ ಓಡಿದ್ದನ್ನು ನಮ್ಮ ಮಕ್ಕಳು ಪ್ರತಿ ವಾರವೂ ಓಡಬೇಕು.

"ಸಾರ್, ಅದು ಅವರ ಕೊನೆ ಮೆಟ್ಟಿಲು. ನಮ್ಮ ಮಕ್ಕಳು ಮೊದಲ್ನೇ ಮೆಟ್ಟಿಲಲ್ಲಿ ಇದಾರೆ" ಎಂದೆ.

"ಮೇಡಂ, ನೆಗೆಟಿವ್ ಮಾತಾಡ್ಬೇಡಿ. ಅವರಿಗೂ ಎರಡೇ ಕಾಲು, ನಮಗೂ ಎರಡೇ ಕಾಲು."

ಸುತ್ತ ಕೂತವರು ನಕ್ಕರು. ಆ ನಗು ನಿಮಗೂ ಕೇಳಲು ಸಿಗುತ್ತದೆ, ಸಿದ್ಧರಾಗಿರಿ. ಮೇಲಧಿಕಾರಿ ಜೋಕು ಹೇಳಿದಾಗ ಕೆಳಗಿನವರು ನಗುವ ನಗು.

ನಾನು ಆ ಹಾಳೆಯನ್ನು ಆದಷ್ಟು ತಪ್ಪಿಸಿದೆ. ಕುಂಸಿ ರಸ್ತೆಯಲ್ಲಿ ಮುಂದಿನ ಹಳ್ಳಿ ತನಕ ಎಂದು ಹೇಳಿ ನಡುವೆಯೇ ತಿರುಗಿಸಿ ತರುತ್ತಿದ್ದೆ. ಆದರೆ ಸಾಹೇಬರು ಜೀಪು ಕಳಿಸಿ ನೋಡಿಸಲು ಶುರು ಮಾಡಿದರು.

ಆ ವರ್ಷ ಸೆಲ್ವಿ ಓಡಿದ್ದನ್ನು ನೋಡಿದವರು ಮರೆತಿಲ್ಲ. ಮೊದಲು ಸಾವಿರದ ಐನೂರರಲ್ಲಿ ರಾಜ್ಯದ ಜೂನಿಯರ್ ದಾಖಲೆ. ಮುಂದೆ ಮೂರು ಸಾವಿರದಲ್ಲಿ. ಮತ್ತೆ ತನ್ನದೇ ದಾಖಲೆಯನ್ನು ತಾನೇ ಮುರಿದಳು. ಪತ್ರಿಕೆಗಳಲ್ಲಿ 'ಭದ್ರಾವತಿಯ ಜಿಂಕೆ' ಎಂದು ಬಂತು. ಅಂಜಲೈ ಆ ಪತ್ರಿಕೆಯನ್ನು ಇಡ್ಲಿ ಕಟ್ಟಲು ಬಳಸದೆ ದೇವರ ಪಟದ ಹಿಂದೆ ಇಟ್ಟಳು. ನನಗೂ ಹೆಮ್ಮೆಯಾಯಿತು. ಅವಳು ಕೊನೆಯ ತಿರುವಿಗೆ ಬಂದಾಗ ಹೆಗಲು ಇಳಿಸಿ, ಕತ್ತು ಉದ್ದ ಮಾಡಿ, ಗಾಳಿಗೆ ಏನೋ ಗುಟ್ಟು ಹೇಳುವವಳಂತೆ ಬಾಯಿ ಅರೆ ತೆರೆದು ಬರುತ್ತಿದ್ದಳು. ಇಡೀ ವೃತ್ತಿಯಲ್ಲಿ ಅಷ್ಟು ಚೆಂದದ ಓಟ ನಾನು ಇನ್ನೊಂದು ನೋಡಲಿಲ್ಲ.

ಆದರೆ ಹೆಸರು ಬಂದದ್ದೇ ತಡ, ಎಲ್ಲರಿಗೂ ಸೆಲ್ವಿ ಬೇಕಾದಳು. ಮಂತ್ರಿಗಳ ಹುಟ್ಟುಹಬ್ಬದ ರಸ್ತೆ ಓಟಕ್ಕೆ ಸೆಲ್ವಿ. ದಸರಾ ಕೂಟಕ್ಕೆ ಸೆಲ್ವಿ. ಯಾವುದೋ ಸಂಘದ ಜ್ಯೋತಿ ಹಿಡಿದು ಶಿವಮೊಗ್ಗದಿಂದ ಭದ್ರಾವತಿಗೆ ಡಾಂಬರು ರಸ್ತೆಯಲ್ಲಿ ಓಡಲು ಸೆಲ್ವಿ. "ಪಾಪದ ಹುಡ್ಗಿ, ನಾಲ್ಕು ಜನ ನೋಡ್ಲಿ ಬಿಡಿ ಮಾರಾಯ್ತಿ" ಎಂದು ಸಹೋದ್ಯೋಗಿಗಳು ನನಗೇ ಹೇಳುತ್ತಿದ್ದರು. ನಾನು ಬೇಡವೆಂದರೆ ಹೊಟ್ಟೆಕಿಚ್ಚಿನವಳು, ಅವಳು ಬೆಳೆಯುವುದು ಬೇಡವಾದವಳು.

ಒಂದು ದಿನ ಹಾಸ್ಟೆಲಿನಲ್ಲಿ ಅವಳ ಮಣಿಕಟ್ಟು ಹಿಡಿದು ನೋಡಿದೆ. ಕೋಲಿನಂತಿತ್ತು. ಬಾಗಿಲು ಹಾಕಿ ಕೇಳಿದೆ, "ಮುಟ್ಟು ಸರಿಯಾಗಿ ಆಗ್ತಿದ್ಯೇನೇ?"

ಅವಳು ನಕ್ಕಳು. "ನಿಂತೋಗಿದೆ ಮಿಸ್. ದಸರಾಕ್ಕಿಂತ ಮುಂಚೆನೇ. ಒಳ್ಳೇದೇ ಆಯ್ತಲ್ಲ, ರೇಸ್ ದಿನ ತೊಂದ್ರೆ ಇಲ್ಲ."

ಹಾಗೆ ಮುಟ್ಟು ನಿಂತರೆ ಊಟ ಸಾಲದೆ ಮೈ ತನ್ನನ್ನೇ ತಿನ್ನುತ್ತಿದೆ ಎಂದರ್ಥ, ಮುಂದಿನ ಸರದಿ ಮೂಳೆಯದು. ಇದನ್ನು ನಾನು ಓದಿದ್ದೆ, ಬೇರೆ ಊರಿನ ಇಬ್ಬರು ಹುಡುಗಿಯರಲ್ಲಿ ಕಂಡೂ ಇದ್ದೆ. ಮುಂದಿನ ಮೀಟಿಂಗಿನಲ್ಲಿ ಎದ್ದು ನಿಂತು ಹೇಳಲು ಹೊರಟೆ. "ಸಾರ್, ಹುಡುಗಿಗೆ ತಿಂಗಳ ಮುಟ್ಟು ನಿಂತಿದೆ, ಇದು..."

ನಾಗಭೂಷಣರು ಎರಡೂ ಕೈ ಎತ್ತಿ, "ಮೇಡಂ, ಮೇಡಂ! ಇದೆಲ್ಲ ಹೆಂಗಸರ ವಿಷ್ಯ. ಗಂಡಸರು ಕೂತಿದೀವಿ, ಮೀಟಿಂಗ್ ಇದು" ಎಂದರು. ಒಬ್ಬರು ಕಿಟಕಿಯ ಕಡೆ ನೋಡಿದರು, ಇನ್ನೊಬ್ಬರು ಚಹಾ ಲೋಟ ತಿರುಗಿಸಿದರು.

"ಓಡಿಸೋವಾಗ ಹೆಂಗಸು ಅನ್ನೋದು ನೆನಪಿಲ್ವಾ ಸಾರ್?" ಎಂದೆ. ಸಾಹೇಬರು ಫೈಲು ಮುಚ್ಚಿದರು. ಮುಂದಿನ ವಿಷಯ ಚಹಾದ ನಂತರ ಎಂದರು. ಆ ಕೋಣೆಯಲ್ಲಿ ಒಂದು ಹುಡುಗಿಯ ಮೂಳೆಗಿಂತ ಅವರ ನಾಚಿಕೆ ದೊಡ್ಡದಾಯಿತು.

ಹೆಚ್ಚು ದಿನ ಕಳೆಯಲಿಲ್ಲ. ಸೆಲ್ವಿ ಬೆಳಗಿನ ಅಭ್ಯಾಸದಲ್ಲಿ ಎಡಗಾಲಿನಲ್ಲಿ ಮೊಣಕಾಲ ಕೆಳಗಿನ ಮೂಳೆ ಒತ್ತಿಕೊಳ್ಳುವುದನ್ನು ಕಂಡೆ. ಬೆರಳಿಟ್ಟು ಒತ್ತಿದರೆ ಒಂದೇ ಜಾಗದಲ್ಲಿ ಚೀರುವಷ್ಟು ನೋವು. ನನ್ನ ಲೂನಾದಲ್ಲೇ ಕೂರಿಸಿಕೊಂಡು ದುರ್ಗಿಗುಡಿಯ ಮೂಳೆ ಡಾಕ್ಟರ ಹತ್ತಿರ ಹೋದೆ. ಅವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಕೂದಲಿನಷ್ಟು ತೆಳ್ಳಗಿನ ಗೆರೆಯೊಂದನ್ನು ತೋರಿಸಿದರು. "ಬಿರುಕು ಬಿಟ್ಟಿದೆ. ಮೂರು ತಿಂಗಳು ಓಡೋ ಹಾಗಿಲ್ಲ. ಚೆನ್ನಾಗಿ ತಿನ್ನಿಸಿ. ವಾಸಿಯಾಗತ್ತೆ, ಹುಡುಗಿ ವಯಸ್ಸು. ಈಗ ಓಡಿದ್ರೆ ಮುರಿಯತ್ತೆ" ಎಂದರು. ಇದಕ್ಕಿಂತ ಸ್ಪಷ್ಟವಾಗಿ ಯಾರೂ ಹೇಳಲಾರರು. ನಾನು ಅದೇ ಮಾತನ್ನು ಹಾಗೆಯೇ ಸಾಹೇಬರಿಗೆ ಮುಟ್ಟಿಸಿದೆ.

ಅದೇ ಸಮಯಕ್ಕೆ ಅಮೆರಿಕದ ಎಳೆಯ ಓಟಗಾರರ ತಂಡವೊಂದು ಬೆಂಗಳೂರಿಗೆ ಸೌಹಾರ್ದ ಕೂಟಕ್ಕೆ ಬರುವುದಿತ್ತು. ತಂಡದಲ್ಲಿ ಜಡೆ ಅಕ್ಕ ಇದ್ದಳು. ನಮ್ಮ ಗೋಡೆಯ ಮೇಲಿದ್ದವಳೇ. ಮೂರು ಸಾವಿರ ಮೀಟರಿನಲ್ಲಿ ಅವಳ ಎದುರು ನಿಲ್ಲಲು ರಾಜ್ಯದಿಂದ ಸೆಲ್ವಿಯ ಹೆಸರು ಹೋಗಿತ್ತು.

"ಸಾರ್, ಸಾಧ್ಯವೇ ಇಲ್ಲ" ಎಂದೆ.

"ಸ್ವಲ್ಪ ನೋವು ಯಾರಿಗಿರಲ್ಲ ಮೇಡಂ? ಒಂದೇ ರೇಸು. ಆಮೇಲೆ ಮೂರಲ್ಲ, ಆರು ತಿಂಗಳು ಮಲಗ್ಲಿ."

"ಡಾಕ್ಟ್ರು ಮುರಿಯತ್ತೆ ಅಂದಿದಾರೆ."

"ಡಾಕ್ಟ್ರು ಹಾಗೇ ಅಂತಾರೆ. ನೀವು ರಜಾ ತಗೊಳ್ಳಿ, ಟೆನ್ಷನ್ ಮಾಡ್ಕೊಂಡಿದೀರಿ."

ಕಡ್ಡಾಯ ರಜೆಯ ಮೇಲೆ ನನ್ನನ್ನು ಮನೆಗೆ ಕಳಿಸಿ, ಸೆಲ್ವಿಯನ್ನು ತಾವೇ ಕರೆದುಕೊಂಡು ಹೋದರು. ಹೋಗುವ ಮೊದಲು ಓಲ್ಡ್ ಟೌನಿಗೆ ಜೀಪು ಒಯ್ದು, ಈ ಓಟ ಗೆದ್ದರೆ ಸೆಲ್ವಿಗೆ ಕಾರ್ಖಾನೆಯಲ್ಲಿ ಖಾಯಂ ಕೆಲಸ, ತಾವೇ ಮಾತಾಡಿದ್ದೇವೆ ಎಂದು ಅವಳ ಅಪ್ಪನಿಗೆ ಹೇಳಿದ್ದರು. ಗುತ್ತಿಗೆ ಕೆಲಸವೂ ತಪ್ಪಿ ಮನೆಯಲ್ಲಿ ಕೂತಿದ್ದ ಮನುಷ್ಯ ಇನ್ನೇನು ಹೇಳಿಯಾನು? ನಾನು ಬಸ್ಸು ಹತ್ತಿ ಬೆಂಗಳೂರಿಗೆ ಹೋದೆ.

ಸ್ಟೇಡಿಯಮ್ಮಿನ ವಾರ್ಮ್ ಅಪ್ ಜಾಗದಲ್ಲಿ ಸೆಲ್ವಿ ಸಿಕ್ಕಳು. ಯಾರೋ ಡಾಕ್ಟರನ್ನು ಹಿಡಿದು ನೋವಿನ ಇಂಜೆಕ್ಷನ್ ಕೊಡಿಸಿದ್ದರು.

"ಬೇಡ ಕಣೇ. ಓಡ್ಬೇಡ" ಎಂದೆ.

"ನೋವೇ ಇಲ್ಲ ಮಿಸ್ ಈಗ."

"ನೋವು ಇಲ್ದೇ ಇರೋದೇ ಅಪಾಯ."

ಅವಳು ನನ್ನ ಕೈ ಹಿಡಿದಳು. "ಅಪ್ಪಂಗೆ ಕೆಲ್ಸ ಇಲ್ಲ ಮಿಸ್. ನನ್ನ ತಡೀಬೇಡಿ." ಅಷ್ಟರಲ್ಲಿ ನಾಗಭೂಷಣರು ಬಂದು, ರಜೆಯಲ್ಲಿರುವ ಸಿಬ್ಬಂದಿ ಇಲ್ಲಿರುವಂತಿಲ್ಲ ಎಂದು ಪೊಲೀಸಿನವನನ್ನು ಕರೆದು ನನ್ನನ್ನು ಹೊರಗೆ ಹಾಕಿಸಿದರು. ನಾನು ಸಂಘಟಕರ ಬಳಿ ಹೋಗಿ ಕೂಗಾಡಿದೆ. "ಮೇಡಂ, ನಿಮ್ಮ ಡಿಪಾರ್ಟ್‌ಮೆಂಟ್ ವಿಷಯ" ಎಂದರು. ಗ್ಯಾಲರಿಗೆ ಹೋಗಿ ಕೂತೆ.

ನನ್ನಿಂದ ನಾಲ್ಕು ಸಾಲು ಕೆಳಗೆ ಜಡೆ ಅಕ್ಕ ಕೂತಿದ್ದಳು. ನಾನು ಕಣ್ಣುಜ್ಜಿಕೊಂಡು ನೋಡಿದೆ. ಹೌದು, ಅವಳೇ. ಟ್ರ್ಯಾಕ್ ಸೂಟು ಹಾಕಿ, ಕಾಲು ಮುಂದಿನ ಕುರ್ಚಿಯ ಮೇಲಿಟ್ಟು ಬಾಳೆಹಣ್ಣು ತಿನ್ನುತ್ತಿದ್ದಳು. ಪಕ್ಕದಲ್ಲಿ ಅವಳ ಕೋಚ್, ನನ್ನ ವಯಸ್ಸಿನ ದಪ್ಪನೆಯ ಹೆಂಗಸು. ನನ್ನ ಬಳಿ ಕೂತಿದ್ದವರು ಹೇಳಿದರು, ಬೆಳಿಗ್ಗೆ ಎದ್ದಾಗ ಹುಡುಗಿಗೆ ಮೀನಖಂಡ ಸ್ವಲ್ಪ ಬಿಗಿಹಿಡಿದಿತ್ತಂತೆ. ಇವತ್ತು ಬೇಡ ಎಂದಳಂತೆ ಕೋಚ್. ಅಷ್ಟಕ್ಕೇ ಹೆಸರು ತೆಗೆದಿದ್ದರು.

ನನ್ನ ಜೀವಮಾನದ ಸಿಟ್ಟೆಲ್ಲ ಆ ಕ್ಷಣದಲ್ಲಿ ಹುಟ್ಟಿದ್ದು. ಅಷ್ಟು ದೂರದಿಂದ ವಿಮಾನದಲ್ಲಿ ಬಂದ, ದಾಖಲೆಗಳ ಹುಡುಗಿ ಕಾಲು ಬಿಗಿಹಿಡಿದದ್ದಕ್ಕೇ ಓಡದೆ ಬಾಳೆಹಣ್ಣು ತಿನ್ನುತ್ತಾ ಕೂತಿದ್ದಳು. ಅವಳನ್ನು ಸೋಲಿಸಲೆಂದು ತಂದ ನಮ್ಮ ಹುಡುಗಿ ಬಿರುಕು ಬಿಟ್ಟ ಮೂಳೆಯ ಮೇಲೆ ಗೆರೆಗೆ ಬಂದು ನಿಂತಿದ್ದಳು.

ಸೆಲ್ವಿ ಓಡಿದಳು. ಮೊದಲ ಸುತ್ತಿನಿಂದಲೇ ಮುಂದೆ. ಕೊನೆಯ ತಿರುವಿನಲ್ಲಿ ಎಡಗಾಲು ಸ್ವಲ್ಪ ಹೊರಕ್ಕೆ ಬೀಳುತ್ತಿರುವುದು ನನಗೆ ಮೇಲಿನಿಂದಲೇ ಕಂಡಿತು. ಕೆಳಗೆ ಕೂತಿದ್ದ ಆ ದಪ್ಪ ಹೆಂಗಸಿಗೂ ಕಂಡಿತು. ಅವಳು ಎದ್ದು ನಿಂತಳು. ಸೆಲ್ವಿ ಎಲ್ಲರಿಗಿಂತ ಮುಂದೆ ಗೆರೆ ದಾಟಿದಳು. ಮೊದಲ ಸ್ಥಾನ, ಮತ್ತೊಂದು ದಾಖಲೆಯ ಸಮಯ. ನಾಗಭೂಷಣರು ಓಡಿಬಂದು ಅವಳ ತೋಳು ಹಿಡಿದು ಫೋಟೋದವರ ಕಡೆ ತಿರುಗಿಸಿದರು. ಫೋಟೋ ತೆಗೆದರು. ತೋಳು ಬಿಟ್ಟರು. ಅವಳು ಒಂದು ಹೆಜ್ಜೆ ಇಟ್ಟಳು, ಕಾಲು ಮಡಚಿ ಹೋಯಿತು. ಅವಳು ಕಿರುಚಿದ್ದು ಇಡೀ ಸ್ಟೇಡಿಯಮ್ಮಿಗೆ ಕೇಳಿತು.

ನಾನು ಬೇಲಿ ಹಾರಿದೆ. ಸೀರೆ ಹರಿಯಿತು. ನಾನು ಮುಟ್ಟುವ ಹೊತ್ತಿಗೆ ಆ ಅಮೆರಿಕದ ಕೋಚ್ ಮಂಡಿಯೂರಿ ಕೂತು ಸೆಲ್ವಿಯ ಕಾಲನ್ನು ಅಲುಗದಂತೆ ಹಿಡಿದಿದ್ದಳು. ಹಿಂದೆ ಜಡೆ ಅಕ್ಕ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಆ ಹೆಂಗಸು ತಲೆ ಎತ್ತಿ ನನ್ನನ್ನು ಕೇಳಿದಳು, "ಇದು ಯಾರಿಗೂ ಗೊತ್ತಿರಲಿಲ್ಲವೇ?"

ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದೆ. "ಎಲ್ಲರಿಗೂ ಗೊತ್ತಿತ್ತು."

ಮುಂದಿನದನ್ನು ಬೇಗ ಮುಗಿಸುತ್ತೇನೆ. ಮೂಳೆಗೆ ರಾಡು ಹಾಕಿದರು, ಅದು ನಂಜಾಗಿ ಮತ್ತೆ ಕೊಯ್ದರು. ಕಾಲು ಒಂದಿಷ್ಟು ಗಿಡ್ಡವಾಯಿತು. ಆ ಕೂಟ ಬರೀ ಸೌಹಾರ್ದದ್ದು, ದಾಖಲೆಗೆ ಬೇಕಾದ ಮಾನ್ಯತೆಯೇ ಅದಕ್ಕಿರಲಿಲ್ಲ, ಆದ್ದರಿಂದ ಆ ಸಮಯ ಎಲ್ಲಿಯೂ ದಾಖಲಾಗಲಿಲ್ಲ. ಕಾರ್ಖಾನೆಗೆ ನಾನೇ ಹೋಗಿ ಕೇಳಿದೆ. ಸೆಲ್ವಿ ಎಂಬವಳ ಬಗ್ಗೆ ಯಾರೂ ನಮ್ಮ ಹತ್ತಿರ ಮಾತಾಡಿಲ್ಲ, ಇದ್ದವರನ್ನೇ ಮನೆಗೆ ಕಳಿಸುತ್ತಿದ್ದೇವೆ ಎಂದರು. ಆಸ್ಪತ್ರೆಯಲ್ಲಿ ಇದ್ದಾಗಲೇ ಸಾಧನೆ ಸಾಲದೆಂದು ಅವಳ ಹಾಸ್ಟೆಲ್ ಸೀಟು ರದ್ದಾಯಿತು. ನಾನು ನಾಗಭೂಷಣರ ಚೇಂಬರಿಗೆ ನುಗ್ಗಿ, ಇಡೀ ಕಚೇರಿಗೆ ಕೇಳುವಂತೆ ಕೂಗಿದೆ. ಏನು ಕೂಗಿದೆ ಎಂಬುದನ್ನು ಇಲ್ಲಿ ಬರೆಯುವಂತಿಲ್ಲ. ಅವರು ಬೆಲ್ ಒತ್ತಿ ನೀರು ತರಿಸಿದರು. "ಕುಡೀರಿ ಮೇಡಂ. ಅವಳೇ ಓಡ್ತೀನಿ ಅಂದ್ಲು, ನಾವೇನ್ ಕತ್ತು ಹಿಡಿದು ತಳ್ಳಿದ್ವಾ?" ಎಂದರು. ವಾರದಲ್ಲಿ ನನಗೆ ದೂರದ ಜಿಲ್ಲೆಗೆ ವರ್ಗವಾಯಿತು. ಅವರು ಮಾತ್ರ ಏರುತ್ತಲೇ ಹೋದರು.

ಅಂಜಲೈ ಒಂದೇ ಸಲ ನನ್ನನ್ನು ಕೇಳಿದಳು. ಆಸ್ಪತ್ರೆಯ ವರಾಂಡದಲ್ಲಿ. "ನಾನಿದ್ದೀನಿ ಅಂದ್ರಲ್ಲ ಮಿಸ್?" ಬೈಗುಳದ ದನಿಯಲ್ಲಿ ಕೇಳಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ತಿಳಿದುಕೊಳ್ಳಲೆಂದೇ ಕೇಳಿದ್ದಳು.

ವರ್ಷಗಳಾದ ಮೇಲೆ ನಿವೃತ್ತಿಯ ಅಂಚಿನಲ್ಲಿ ಮತ್ತೆ ಶಿವಮೊಗ್ಗಕ್ಕೆ ಬಂದೆ. ಅದೇ ಹೊತ್ತಿಗೆ ನಾಗಭೂಷಣರಿಗೆ ಊರಿನಲ್ಲಿ ಅಭಿನಂದನಾ ಸಮಾರಂಭ ಇಟ್ಟಿದ್ದರು. ವೃತ್ತದಲ್ಲಿ ದೊಡ್ಡ ಫ್ಲೆಕ್ಸ್ ಹಾಕಿದ್ದರು. ಅದರಲ್ಲಿ ಅವರು ಸೆಲ್ವಿಯ ತೋಳು ಹಿಡಿದು ನಿಂತ ಆ ಫೋಟೋ. ಒಂದು ಹೆಜ್ಜೆ ಮೊದಲಿನದು. ನಾನು ಬಸ್ಸು ಹಿಡಿದು ನೇರ ಭದ್ರಾವತಿಗೆ ಹೋದೆ. ಸೆಲ್ವಿ ಈಗ ಓಲ್ಡ್ ಟೌನಿನಲ್ಲಿ ತಾಯಿಯ ಇಡ್ಲಿ ವ್ಯಾಪಾರವನ್ನು ಸಣ್ಣ ಹೋಟೆಲು ಮಾಡಿ ನಡೆಸುತ್ತಿದ್ದಳು. ನಾಲ್ಕು ಮೇಜು, ಗಲ್ಲಾದಲ್ಲಿ ಅವಳ ಗಂಡ.

"ಏಳು, ಸಮಾರಂಭಕ್ಕೆ ಹೋಗೋಣ. ಸ್ಟೇಜ್ ಹತ್ತಿ ಎಲ್ಲರೆದುರು ಹೇಳೋಣ" ಎಂದೆ.

ಅವಳು ಮೇಜು ಒರೆಸುವುದನ್ನು ನಿಲ್ಲಿಸಲಿಲ್ಲ. "ಬೇಡ ಮಿಸ್."

"ಯಾಕೆ ಬೇಡ? ನಿನ್ನ ಕಾಲು ತಿಂದವನು ಅವನು."

"ಹೌದು. ಆದ್ರೆ ನೀವು ಬಂದಾಗೆಲ್ಲ ಆ ರೇಸಿಗೆ ಬೈತೀರಿ. ನಾನು ಅದ್ರಲ್ಲಿ ಹೆಂಗೆ ಓಡ್ದೆ ಅಂತ ಒಂದ್ಸಲನಾದ್ರೂ ಹೇಳಿದೀರಾ?" ಅವಳು ಒರೆಸುವುದನ್ನು ನಿಲ್ಲಿಸಿದಳು. "ನನ್ ಹತ್ರ ಇರೋದು ಅದೊಂದೇ ಮಿಸ್. ಅದನ್ನ ಅವ್ರದ್ದು ಮಾಡ್ಬೇಡಿ."

ಕೂತೆ. ಆಮೇಲೆ ಹೇಳಿದೆ, ಅವಳು ಹೇಗೆ ಓಡಿದ್ದಳೆಂದು, ಮೊದಲ ಸುತ್ತಿನಿಂದ ಕೊನೆಯ ತಿರುವಿನವರೆಗೆ. ಅವಳು ನನ್ನೆದುರು ಕೂತು, ಅಂಗೈ ಮೇಲೆ ಗಲ್ಲ ಇಟ್ಟುಕೊಂಡು ಕೇಳಿಸಿಕೊಂಡಳು. ಸಮಾರಂಭಕ್ಕೆ ಇಬ್ಬರೂ ಹೋಗಲಿಲ್ಲ.

ನಾನು ಏಳುವಾಗ ಕೇಳಿದಳು, "ಮಿಸ್, ಜಡೆ ಅಕ್ಕ ಏನಾದ್ಲು?"

ನಾನು ಒಮ್ಮೆ ಸೈಬರ್ ಸೆಂಟರಿನಲ್ಲಿ ಹುಡುಕಿಸಿದ್ದೆ. "ಕಾಲೇಜಲ್ಲೂ ಓಡಿದ್ಲಂತೆ, ಸುಮಾರು ವರ್ಷ. ಇನ್ನೂ ದಾಖಲೆ ಮಾಡಿದ್ಲು. ಆಮೇಲೆ ಸಾಕು ಅನ್ನಿಸಿ ತಾನಾಗೇ ಬಿಟ್ಲಂತೆ."

"ತಾನಾಗೇ ಬಿಟ್ಲಾ?" ಆ ಮಾತನ್ನು ಅವಳು ರುಚಿ ನೋಡುವವಳಂತೆ ಹೇಳಿಕೊಂಡಳು. "ಅವಳ ಮಿಸ್ಸು ಭಾರಿ ಜೋರಿನವ್ರು ಇರ್ಬೇಕು. ಅಷ್ಟು ಜನದೆದುರು ಓಡ್ಸಲ್ಲ ಅಂದ್ರಲ್ಲ."

"ಜೋರೇನೂ ಇರ್ಲಿಲ್ಲ ಕಣೇ. ನಾನು ಮಾಡ್ದಷ್ಟು ಗಲಾಟೆ ಅವ್ರು ಮಾಡ್ಲೇ ಇಲ್ಲ. ಬೇಡ ಅಂದ್ರು. ಎಲ್ಲರೂ ಅವ್ರ ಮಾತು ಕೇಳಿದ್ರು."

ಸೆಲ್ವಿ ಕೈಯಲ್ಲಿದ್ದ ಬಟ್ಟೆ ಹಿಡಿದುಕೊಂಡೇ ನನ್ನನ್ನು ನೋಡಿದಳು.

"ಅಷ್ಟೇನಾ?"

"ಅಷ್ಟೇ."